ಒಂದೇ ಸಾಕೆಟ್‌ಗೆ ಹಲವು ವಿಳಾಸ: ಎಸ್‌ಸಿಟಿಪಿ_ಬೈಂಡ್‌ಎಕ್ಸ್ ಬಳಸುವುದು ಹೀಗೆ

ಸರ್ವರ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಇವೆ. ಒಂದರ ಕೇಬಲ್ ಕಿತ್ತರೂ ಮಾತುಕತೆ ನಿಲ್ಲಬಾರದು. ಮಾಮೂಲಿ ಟಿಸಿಪಿಯಲ್ಲಿ ಒಂದು ಕನೆಕ್ಷನ್‌ಗೆ ಈ ಕಡೆ ಒಂದೇ ವಿಳಾಸ, ಹಾಗಾಗಿ ಅದು ಆಗುವುದಿಲ್ಲ. ಎಸ್‌ಸಿಟಿಪಿಯಲ್ಲಿ ಆಗುತ್ತದೆ; ಅದೂ ಟಿಸಿಪಿಯಂತೆ ಡೇಟಾ ಸಾಗಿಸುವ ಒಂದು ಪ್ರೋಟೋಕಾಲ್. ಒಂದೇ ವಿಳಾಸ ಸಾಕಾದರೆ ಬೈಂಡ್ ಇದೆ. ಇರುವ ಎಲ್ಲವೂ ಬೇಕಾದರೆ ಇನ್‌ಆಡರ್_ಎನಿ ಇದೆ. ಆರಿಸಿದ ಎರಡೋ ಮೂರೋ ಬೇಕಾದಾಗ ಎಸ್‌ಸಿಟಿಪಿ_ಬೈಂಡ್‌ಎಕ್ಸ್.

ಲಿನಕ್ಸ್‌ನಲ್ಲಿ ನೆಟ್‌ಇನೆಟ್ ಕೆಳಗಿನ ಎಸ್‌ಸಿಟಿಪಿ ಹೆಡರ್ ಸೇರಿಸಿ, ಲಿಂಕ್ ಮಾಡುವಾಗ ಎಸ್‌ಸಿಟಿಪಿ ಲೈಬ್ರರಿ ಕೊಡಿ. ಕರೆಗೆ ನಾಲ್ಕು ಮಾತು ಹೇಳಬೇಕು: ಯಾವ ಸಾಕೆಟ್, ವಿಳಾಸಗಳು ಎಲ್ಲಿವೆ, ಎಷ್ಟಿವೆ, ಸೇರಿಸಬೇಕೋ ತೆಗೆಯಬೇಕೋ (ಇದೇ ಫ್ಲ್ಯಾಗ್).

ನಾನು ಎರಡು ದಿನ ಕಳೆದುಕೊಂಡಿದ್ದು ಎರಡನೆಯದರಲ್ಲಿ. ಐಪಿವಿ4, ಐಪಿವಿ6 ಎರಡೂ ಹಿಡಿಸಲಿ ಎಂದು, ಯಾವ ಬಗೆಯ ವಿಳಾಸಕ್ಕೂ ಜಾಗವಿರುವ ಸಾಕ್‌ಆಡರ್_ಸ್ಟೋರೇಜ್‌ನ ಅರೇ ಮಾಡಿ ಕಳಿಸಿದೆ. ಪ್ರತಿ ಸಲ ‘ಕೊಟ್ಟದ್ದು ಸರಿಯಿಲ್ಲ’ ಎಂಬ ದೋಷ, ಇ‌ಇನ್ವಾಲ್. ಪೋರ್ಟ್ ನೋಡಿದೆ, ಸರಿ ಇತ್ತು. ವಿಳಾಸ ನೋಡಿದೆ, ಅದೂ ಸರಿ. ಕೊನೆಗೆ ಬಫರನ್ನು ಬೈಟ್ ಬೈಟಾಗಿ ಪ್ರಿಂಟ್ ಮಾಡಿದಾಗ ಗೊತ್ತಾಯಿತು. ಸ್ಟೋರೇಜ್ 128 ಬೈಟ್. ಆದರೆ ಐಪಿವಿ4 ವಿಳಾಸ 16 ಬೈಟ್, ಐಪಿವಿ6 28. ಲೈಬ್ರರಿ ಮೊದಲನೆಯದನ್ನು ಓದಿ, 16 ಬೈಟ್ ಮುಂದೆ ಹೋಗಿ ಎರಡನೆಯದನ್ನು ಹುಡುಕುತ್ತದೆ. ಅಲ್ಲಿದ್ದದ್ದು ಬರೀ ಸೊನ್ನೆ. ಸೊನ್ನೆ ಎಂಬ ಫ್ಯಾಮಿಲಿಯನ್ನು (ಐಪಿವಿ4ಓ ಐಪಿವಿ6ಓ ಎಂದು ಹೇಳುವ ಸಂಖ್ಯೆ) ಅದು ಒಪ್ಪೀತೇ?

ಹಾಗಾಗಿ ವಿಳಾಸಗಳನ್ನು ಸಂದಿಯಿಲ್ಲದೆ ಒತ್ತಾಗಿ ಜೋಡಿಸಿ. 127.0.0.1 ಮತ್ತು ::1 ಇಟ್ಟು ಪ್ರಯತ್ನಿಸುವಿರಾದರೆ 44 ಬೈಟ್‌ನ ಚಾರ್ ಬಫರ್ ಸಾಕು. ಮೊದಲ 16ಕ್ಕೆ ಒಂದನ್ನು ಮೆಮ್‌ಕಾಪಿ ಮಾಡಿ, ಪಾಯಿಂಟರನ್ನು ಅಷ್ಟೇ ಸರಿಸಿ, ಉಳಿದ 28ಕ್ಕೆ ಇನ್ನೊಂದನ್ನು. ಎಣಿಕೆ 2 ಎಂದು ಕೊಡಿ, 44 ಅಲ್ಲ. ಹೀಗೆ ಬೆರೆಸುವಾಗ ಸಾಕೆಟ್ ಎಎಫ್_ಇನೆಟ್6 ಆಗಿರಬೇಕು. ಎಲ್ಲ ವಿಳಾಸಕ್ಕೂ ಒಂದೇ ಪೋರ್ಟ್ ಬರೆಯಿರಿ, ಅದನ್ನು ನೆಟ್‌ವರ್ಕ್ ಬೈಟ್ ಕ್ರಮಕ್ಕೆ ತಿರುಗಿಸುವ ಎಚ್‌ಟಿಒಎನ್‌ಎಸ್ ಮರೆಯಬೇಡಿ.

ಓದುವಾಗಲೂ ಇದೇ ಲೆಕ್ಕ. ಎಸ್‌ಸಿಟಿಪಿ_ಗೆಟ್‌ಪಿಆಡರ್ಸ್ ಎದುರಿನವರ ವಿಳಾಸಗಳನ್ನು ಒತ್ತಾಗಿಯೇ ಕೊಡುತ್ತದೆ. ಪ್ರತಿಯೊಂದರ ಫ್ಯಾಮಿಲಿ ನೋಡಿ 16 ಅಥವಾ 28 ಹೆಜ್ಜೆ ಮುಂದೆ ಹೋಗಿ. ಮುಗಿದ ಮೇಲೆ ಸುಮ್ನೆ ಫ್ರೀ ಅಲ್ಲ, ಎಸ್‌ಸಿಟಿಪಿ_ಫ್ರೀಪಿಆಡರ್ಸ್ ಕರೆಯಿರಿ.

ತೆಗೆಯಲು ಅದೇ ಕರೆ, ಫ್ಲ್ಯಾಗ್ ಮಾತ್ರ ಬೇರೆ. ಉಳಿದ ಒಂದೇ ಒಂದನ್ನು ತೆಗೆಯಲು ಹೋದರೆ ಲಿನಕ್ಸ್ ಇಬ್ಯುಸಿ ಎಂಬ ದೋಷ ಕೊಟ್ಟು ನಿರಾಕರಿಸುತ್ತದೆ.

ಇನ್ನೊಂದು ವಿಷಯ ಜಾಸ್ತಿ ಕಾಡುತ್ತದೆ. ಸಂಪರ್ಕ ಆದ ಮೇಲೆ ಹೊಸ ವಿಳಾಸ ಸೇರಿಸಿದರೆ ಲಿನಕ್ಸ್‌ನಲ್ಲಿ ಕರೆ ಸೊನ್ನೆ ವಾಪಸ್ ಕೊಡುತ್ತದೆ, ಎಲ್ಲ ಸರಿಯಾದಂತೆ ಕಾಣುತ್ತದೆ. ಎದುರಿನವರಿಗೆ ಮಾತ್ರ ಅದು ತಿಳಿಯುವುದೇ ಇಲ್ಲ. ಕಾರಣ, ಆಡ್‌ಐಪಿ_ಎನೇಬಲ್ ಎಂಬ ಕರ್ನಲ್ ಸೆಟ್ಟಿಂಗ್ ಮೊದಲಿನಿಂದಲೇ 0 ಆಗಿರುತ್ತದೆ. ಅದನ್ನು ಮುಟ್ಟುವ ಅಧಿಕಾರ ನಿಮಗಿಲ್ಲದಿದ್ದರೆ, ಬೇಕಾದ ವಿಳಾಸಗಳನ್ನೆಲ್ಲ ಲಿಸನ್‌ಗೆ ಮುಂಚೆಯೇ ಸೇರಿಸಿಬಿಡಿ.