ಸಪ್ಪೊರೊ ಹಿಮೋತ್ಸವ: ಎರಡು ಮೀಟರ್ ಮೂರ್ತಿಯನ್ನು ನಾವು ಕೆತ್ತುವ ಬಗೆ

ಅಚ್ಚಿಗೆ ಹಿಮ ತುಂಬುವ ದಿನ ಮೈಗಳ್ಳತನ ಮಾಡಿದರೆ ಅದರ ಫಲ ಕೆತ್ತುವಾಗ ಸಿಗುತ್ತದೆ: ಮೂರ್ತಿಯ ತೋಳು ಪದರ ಪದರವಾಗಿ ಕಳಚಿ ಬೀಳುತ್ತದೆ.

ಜಪಾನಿನ ಸಪ್ಪೊರೊದಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವ ಈ ಉತ್ಸವ 1950ರಲ್ಲಿ ವಿದ್ಯಾರ್ಥಿಗಳು ಒಡೊರಿ ಪಾರ್ಕಿನಲ್ಲಿ ಮಾಡಿದ ಆರು ಮೂರ್ತಿಗಳಿಂದ ಶುರುವಾದದ್ದು. ಆತ್ಮರಕ್ಷಣಾ ಪಡೆಯವರು (ಅಂದರೆ ಜಪಾನಿನ ಸೈನಿಕರು) ಅಟ್ಟಣಿಗೆ ಕಟ್ಟಿ ನಿಲ್ಲಿಸುವ ದೈತ್ಯ ಮೂರ್ತಿಗಳ ಲೆಕ್ಕ ಬೇರೆ. ಇದು ಊರ ಜನರ ತಂಡಗಳು ಕೆತ್ತುವ, ಉದ್ದ, ಅಗಲ, ಎತ್ತರ ತಲಾ 2 ಮೀಟರ್ ಇರುವ ಹಿಮದ ಗಡ್ಡೆಯ ವಿಚಾರ.

ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ಅದಕ್ಕೇ ಪ್ಲೈವುಡ್ ಅಚ್ಚಿನೊಳಗೆ ಒಂದು ಸಲಕ್ಕೆ ಗೇಣುದ್ದಕ್ಕಿಂತ ಹೆಚ್ಚು ಹಾಕದೆ, ಮೂಲೆಯಿಂದ ನಡುವಿಗೆ ಬೂಟುಗಾಲಲ್ಲಿ ತುಳಿಯುತ್ತೇವೆ. ಒಂದೇ ಸಲ ಅರ್ಧ ಮೀಟರ್ ಸುರಿದರೆ ಮೇಲ್ಭಾಗ ಮಾತ್ರ ಗಟ್ಟಿಯಾಗಿ ಕೆಳಗೆ ಪೊಳ್ಳು ಉಳಿಯುತ್ತದೆ. ಚೆನ್ನಾಗಿ ತುಳಿದ ಗಡ್ಡೆ ನಾಲ್ಕು ಟನ್ ಆಸುಪಾಸು ತೂಗುತ್ತದೆ. ಒಂದು ರಾತ್ರಿ ಮುಟ್ಟದೆ ಬಿಡಬೇಕು. ಹಿಮದ ಹರಳುಗಳು ಒಂದಕ್ಕೊಂದು ಬೆಸೆದುಕೊಳ್ಳುವುದು ಆಗಲೇ. ಮಣ್ಣು ಬೆರೆತ ಹಿಮ ಬೇಡ. ಕಪ್ಪು ಕಣ ಬಿಸಿಲನ್ನು ಹೀರಿ ಅಲ್ಲಲ್ಲೇ ಗುಳಿ ಬೀಳಿಸುತ್ತದೆ.

ಜೇಡಿಮಣ್ಣಿನ ಮಾದರಿ 20 ಸೆಂ.ಮೀ. ಎತ್ತರದ್ದಿದ್ದರೆ ಲೆಕ್ಕ ಸುಲಭ, ಅದರ ಒಂದಕ್ಕೆ ಗಡ್ಡೆಯಲ್ಲಿ ಹತ್ತು. ದಾರ ಹಿಡಿದು ಚೌಕಗಳನ್ನು ಗೀರಿ, ಮುಂದಿನ ಮತ್ತು ಪಕ್ಕದ ಹೊರಗೆರೆಯನ್ನು ಮೊಳೆಯಲ್ಲಿ ಎಳೆಯುತ್ತೇವೆ. ಆಮೇಲೆ ಗರಗಸ, ಸಲಿಕೆ. ಕೆಲಸ ಯಾವತ್ತೂ ಮೇಲಿನಿಂದ ಕೆಳಕ್ಕೆ. ತಲೆ ಕೆತ್ತುವಾಗ ಉದುರುವ ಗಟ್ಟಿಗಳಿಗೆ ಮುಗಿದ ಕಾಲು ಬಲಿಯಾಗಬಾರದು. ಎಲ್ಲ ಕಡೆ ನಾಲ್ಕು ಬೆರಳು ಹೆಚ್ಚು ಉಳಿಸಿಕೊಳ್ಳುತ್ತೇವೆ. ಕಾಲುಗಳ ನಡುವಿನ ಹಿಮ ತೆಗೆಯುವುದು ಕಟ್ಟಕಡೆಗೆ. ಹೊಸಬರಿಗೆ ತೂತು ಕೊರೆಯುವ ಆತುರ. ಭಾರ ಇಳಿಸುವ ಮೊದಲೇ ಆಧಾರ ತೆಗೆದರೆ ಬುಡದಲ್ಲಿ ಬಿರುಕು ಖಂಡಿತ.

ಚಾಚಿದ ಭಾಗಗಳಿಗೆ ಅಂಟು ಬೇಕು. ಹಿಮಕ್ಕೆ ನೀರು ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದರೆ ಅದೇ ಅಂಟು. ಅಲ್ಲಿಯವರು ಇದನ್ನು ‘ಹೆಪ್ಪುಗಟ್ಟಿದ ಶರ್ಬತ್ತು’ ಎಂಬರ್ಥದ ಮಾತಿನಲ್ಲೇ ಕರೆಯುತ್ತಾರೆ. ಎರಡು ಬೆರಳು ದಪ್ಪಕ್ಕಿಂತ ಹೆಚ್ಚು ಮೆತ್ತಬಾರದು. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ, ದಪ್ಪ ಪದರದಲ್ಲಿ ಅದು ಹೊರಹೋಗಲಾರದೆ ಒಳಗೆ ಕೆಸರೇ ಉಳಿಯುತ್ತದೆ. ಮೈನಸ್ 5 ಡಿಗ್ರಿಗಿಂತ ಕೆಳಗಿದ್ದರೆ ಬೇಗ ಹಿಡಿಯುತ್ತದೆ. ಸೊನ್ನೆಯ ಹತ್ತಿರ ಹಿಡಿಯುವುದೇ ಇಲ್ಲ, ಮೂರ್ತಿಯೊಳಕ್ಕೆ ಇಂಗಿ ಬೂದು ಕಲೆ ಮಾಡುತ್ತದೆ. ಸಪ್ಪೊರೊದ ಫೆಬ್ರವರಿ ಮಧ್ಯಾಹ್ನ ಎಷ್ಟೋ ದಿನ ಸೊನ್ನೆಯ ಆಚೀಚೆ ಇರುವುದರಿಂದ ಮೆತ್ತುವ ಕೆಲಸ ಕತ್ತಲಾದ ಮೇಲೆಯೇ.

ದಿಕ್ಕನ್ನು ಮಾದರಿ ಮಾಡುವಾಗಲೇ ನೋಡಬೇಕು. ಬಿಸಿಲು ಬೀಳುವುದು ದಕ್ಷಿಣಕ್ಕೆ. ಕಿವಿ, ರೆಕ್ಕೆ, ಬೆರಳಿನಂಥ ತೆಳು ಭಾಗ ಉತ್ತರಕ್ಕಿರಲಿ. ದಕ್ಷಿಣದಲ್ಲಿ ಇರಲೇಬೇಕಾದರೆ ಅಂಗೈ ಅಗಲದಷ್ಟು ದಪ್ಪ ಬಿಡಿ.

ನಯಗೊಳಿಸಲು ನಮಗೆ ತುರಿಯುವ ಮಣೆಗಿಂತ ಒಳ್ಳೆಯ ಸಾಧನ ಸಿಕ್ಕಿಲ್ಲ. ಉಣ್ಣೆಯ ಕೈಗವಸು ಒದ್ದೆಯಾಗಿ ಹಿಮಕ್ಕೆ ಅಂಟುತ್ತದೆ, ಅದರ ಮೇಲೆ ರಬ್ಬರಿನದು ಹಾಕಿಕೊಳ್ಳಬೇಕು. ಕೊನೆಯಲ್ಲಿ ಶುಭ್ರ ಹಿಮವನ್ನು ಜರಡಿ ಹಿಡಿದು ಮೈಗೆಲ್ಲ ಒತ್ತುತ್ತೇವೆ. ಉತ್ಸವದ ದಿನಗಳಲ್ಲಿ ರಿಪೇರಿಗೆಂದು ಒಂದು ಬಕೆಟ್ ಅಂಥ ಹಿಮವನ್ನು ಮೂರ್ತಿಯ ಉತ್ತರದ ನೆರಳಲ್ಲಿ ಮುಚ್ಚಿಟ್ಟಿರಿ.