ಅಡಿಕೆ ಸುಲಿಯೋ ಮನೆಯಲ್ಲಿ ಬರೆಸಿದ ಕಾರ್ಡುಗಳು (ನನ್ನ ಅನುಭವ)

ಒಂದು ದೇಶ ಒಂದು ಚುನಾವಣೆ ಬೇಡ ಅಂತ ಜನರ ಕೈಲಿ ಪೋಸ್ಟ್ ಕಾರ್ಡ್ ಬರೆಸ್ತೀನಿ ಅಂದಾಗ ನಮ್ಮ ಸಂಘಟನೆಯವ್ರೇ ನಕ್ಕಿದ್ರು. ಈ ಕಾಲದಲ್ಲಿ ಕಾರ್ಡು ಎಂತಕ್ಕೆ ಮಾರಾಯ ಅಂತ. ಈಗ ಅವ್ರೇ ಫೋನ್ ಮಾಡಿ ಹೆಂಗ್ ಮಾಡಿದ್ರಿ ಅಂತಾರೆ, ಒಬ್ಬೊಬ್ರಿಗೂ ಹೇಳಿ ಸಾಕಾಯ್ತು, ಅದಕ್ಕೆ ಬರೆದು ಹಾಕ್ತಿದೀನಿ.

ಒಂದು ದೇಶ ಒಂದು ಚುನಾವಣೆ, ಅಂದ್ರೆ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ವೋಟು, ಈ ವಿಷ್ಯ ನಿಮಗೆ ಗೊತ್ತಿರೋದೆ. 2024ರ ಮಾರ್ಚಲ್ಲಿ ಅದರ ಬಗ್ಗೆ ಮಾಜಿ ರಾಷ್ಟ್ರಪತಿ ಕೋವಿಂದ್ ಸಮಿತಿ ವರದಿ ಬಂದಾಗ್ಲೇ ನಾನು ಶುರು ಹಚ್ಕೊಂಡಿದ್ದೆ. ಮೊದಲು ಎಲ್ಲರ ಹಂಗೆ ಶಿವಮೊಗ್ಗದಲ್ಲಿ ಹಾಲ್ ಹಿಡಿದೆ. ಬಾಡಿಗೆ, ಫ್ಲೆಕ್ಸು, ಮೈಕು, ಬೆಂಗಳೂರಿಂದ ಬಂದ ಭಾಷಣಕಾರರ ಕಾರಿನ ಡೀಸೆಲ್ಲು, 14 ಸಾವಿರದ ಹತ್ರ ಹೋಯ್ತು. ಬಂದಿದ್ದು 40 ಜನ, ಅದ್ರಲ್ಲಿ 25 ನಾವೇ. ಆಮೇಲೆ ಗೂಗಲ್ ಫಾರಂ. ಹೊಸನಗರ ಕಡೆ ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ಬೇಕು, 60 ಚಿಲ್ಲರೆ ಎಂಟ್ರಿ ಬಂತು, ಒಬ್ಬನೇ ಹುಡ್ಗ 18 ಸಲ ಒತ್ತಿದ್ದ. ಮೂರನೇದು ಪ್ರಿಂಟ್ ಹಾಕಿಸಿದ ಮನವಿ, ಸಹಿ ಹಾಕಿದ್ರೆ ಸಾಕು ಅನ್ನೋದು. ಒಬ್ರು ಸಹಿ ಮಾಡಿ ಪೆನ್ನು ವಾಪಸ್ ಕೊಡ್ತಾ "ಬಗರ್ ಹುಕುಂ ಪಟ್ಟಾ ಯಾವಾಗ ಬರ್ತದೆ?" ಅಂದ್ರು. ಎಂತಕ್ಕೆ ಸಹಿ ಹಾಕಿದ್ದು ಅಂತಲೇ ಗೊತ್ತಿಲ್ಲ, ಆ ಕಟ್ಟು ಕಳಿಸೋಕೆ ಮನಸೇ ಬರ್ಲಿಲ್ಲ.

ಅದೇ ವರ್ಷ ಡಿಸೆಂಬರ್ 17ಕ್ಕೆ ಮಸೂದೆ ಲೋಕಸಭೇಲಿ ಮಂಡನೆ ಆಯ್ತು, ಪರ 269 ವಿರುದ್ಧ 198, ಸಂಸತ್ತಿನ ಜಂಟಿ ಸಮಿತಿಗೆ ಹೋಯ್ತು. ಆವಾಗ ನಮ್ಮಲ್ಲಿ ಅಡಿಕೆ ಸುಲಿಯೋ ಕಾಲ. ರಾತ್ರಿ ಹತ್ತು ಹದಿನೈದು ಜನ ಮೆಟ್ಟುಗತ್ತಿ ಮುಂದೆ ಕೂತಿರ್ತಾರೆ, ಕೈಗೆ ಕೆಲ್ಸ, ಬಾಯಿಗೆ ಬಿಡುವು. ಭಾಷಣ ಬಿಟ್ಟು ನಾನೂ ಒಂದು ಕತ್ತಿ ಹಿಡಿದೆ (ಮೊದಲ್ನೇ ದಿನವೇ ಹೆಬ್ಬೆಟ್ಟು ಕುಯ್ಕೊಂಡೆ), ಸುಮ್ನೆ 1985ರ ಮಾತು ತೆಗ್ದೆ. 84ರ ಡಿಸೆಂಬರಲ್ಲಿ ನಮ್ಮ ರಾಜ್ಯ ಕಾಂಗ್ರೆಸ್ಸಿಗೆ 28ರಲ್ಲಿ 24 ಎಂಪಿ ಕೊಡ್ತು, ಎರಡು ಮೂರು ತಿಂಗಳಲ್ಲಿ ಅದೇ ಜನ ವಿಧಾನಸಭೇಲಿ ಹೆಗಡೆಯವ್ರ ಜನತಾ ಪಕ್ಷಕ್ಕೆ 139 ಸೀಟು ಕೊಟ್ರು. ಒಂದೇ ದಿನ ಇದ್ದಿದ್ರೆ ಎಂತ ಆಗ್ತಿತ್ತು? ವಯಸ್ಸಾದವ್ರಿಗೆ ಅದು ನಿನ್ನೆ ಮೊನ್ನೆದಂಗೆ ನೆನಪಿದೆ, ಅವ್ರೇ ಮುಂದಿನದು ಮಾತಾಡಿದ್ರು. ಒಬ್ಬ ಅಮ್ಮ ಕತ್ತಿಯಿಂದ ತಲೆ ಎತ್ತದೆ "ಎಲೆಕ್ಷನ್ ಬಂದಾಗ್ಲೇ ನಮ್ಮೂರ ರಸ್ತೆಗೆ ಜಲ್ಲಿ ಬೀಳೋದು, ಐದು ವರ್ಷಕ್ಕೊಂದೇ ಸಲ ಆದ್ರೆ ಜಲ್ಲಿನೂ ಒಂದೇ ಲೋಡು" ಅಂದ್ರು. ನಾಲ್ಕು ಸೆಮಿನಾರಲ್ಲಿ ಯಾರೂ ಇಷ್ಟು ಚೆಂದ ಹೇಳಿರ್ಲಿಲ್ಲ, ಅದನ್ನೇ ಅವ್ರ ಕಾರ್ಡಲ್ಲಿ ಬರೆದ್ವಿ.

ಉಳಿದ ಅವಧಿ ವಿಷ್ಯ, ಅಂದ್ರೆ ಮಧ್ಯ ಸರ್ಕಾರ ಬಿದ್ರೆ ಹೊಸ ಸಭೆಗೆ ಬಾಕಿ ಇರೋಷ್ಟೇ ದಿನ ಅನ್ನೋದು, ಚೇಣಿ (ತೋಟ ಗುತ್ತಿಗೆಗೆ ಕೊಡೋದು) ಲೆಕ್ಕದಲ್ಲಿ ಹೇಳಿದೆ. ಐದು ವರ್ಷಕ್ಕೆ ಕೊಟ್ಟ ತೋಟ ಮೊದಲ್ನೇ ಚೇಣಿಯವ ಮೂರು ವರ್ಷಕ್ಕೆ ಬಿಟ್ಟೋದ, ಎರಡು ವರ್ಷಕ್ಕೆ ಬಂದವ ತೋಟಕ್ಕೆ ಗೊಬ್ಬರ ಹಾಕ್ತಾನಾ? ಇದಕ್ಕಿಂತ ಹೆಚ್ಚು ವಿವರಿಸೋ ಕೆಲ್ಸ ಬೀಳ್ಲಿಲ್ಲ.

ಖರ್ಚು ಉಳೀತದಲ್ಲ ಅನ್ನೋ ಪ್ರಶ್ನೆ ಮಾತ್ರ ಪ್ರತಿ ಮನೇಲೂ ಬಂತು, ಅದಕ್ಕೆ ನಂದೊಂದು ಉತ್ರ ಇದೆ, ಇಲ್ಲಿ ಬರೆಯಲ್ಲ, ಎದುರಿನವ್ರೂ ಓದ್ತಾರೆ. ನಾನು ತಬ್ಬಿಬ್ಬಾಗಿದ್ದು ಬೇರೆ ಪ್ರಶ್ನೆಗೆ. ಸಾಗರದ ಕಡೆ ಒಬ್ಬ ಹುಡ್ಗ, "ಅಣ್ಣ, ತಾಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗೆ 2016ರಲ್ಲಿ ವೋಟ್ ಹಾಕಿದ್ದು, 2021ಕ್ಕೆ ಅವಧಿ ಮುಗಿದು ಇನ್ನೂ ಎಲೆಕ್ಷನ್ ಇಲ್ಲ, ಅದಕ್ಕೆ ಯಾರಿಗೆ ಕಾರ್ಡು?" ಅಂದ. ಎರಡೂ ಪಾರ್ಟಿ ಸರ್ಕಾರ ಮುಂದೂಡಿದ್ದೇ ಅಲ್ವಾ. ಆವತ್ತಿಂದ ಎರಡೆರಡು ಕಾರ್ಡು, ಒಂದು ದೆಹಲಿಗೆ, ಒಂದು ಬೆಂಗಳೂರಿಗೆ. ಇದಕ್ಕೆ ಇಬ್ರು ಹಳೇ ಗೆಳೆಯರು ಮಾತು ಬಿಟ್ರು.

ಮಧ್ಯ ಗ್ರಾಮಸಭೆ ನಿರ್ಣಯಕ್ಕೂ ಕೈ ಹಾಕಿದ್ದೆ, ನಾಲ್ಕು ಕಡೆ ಕೇಳಿ ಒಂದು ಕಡೆ ಆಯ್ತು, ಅದೂ ನೀರಿನ ಜಗಳದ ಮಧ್ಯ.

ಲೆಕ್ಕ ಹೇಳ್ಬೇಕಂದ್ರೆ ಕಾರ್ಡಿಗೆ 50 ಪೈಸೆ, ಬೈಕಿನ ಪೆಟ್ರೋಲು, ಬಾಳೆಕಾಯಿ ಚಿಪ್ಸು ಎಲ್ಲ ಸೇರಿ ನಾಲ್ಕೂವರೆ ಸಾವಿರ. ದೆಹಲಿಗೆ ಹೋಗಿದ್ದು ಸುಮಾರು 1,100, ಎಲ್ಲ ಕೈಬರಹ, ಒಂದರಂಗೆ ಇನ್ನೊಂದಿಲ್ಲ. ಕೋವಿಂದ್ ಸಮಿತಿಗೆ ಇಡೀ ದೇಶದಿಂದ ಬಂದ ಅಭಿಪ್ರಾಯವೇ 21,558, ಈಗ ನಮ್ಮ ಎರಡು ತಾಲೂಕಿಂದು ತೂಗಿ ನೋಡಿ! ಜನಪ್ರತಿನಿಧಿ ಒಬ್ರ ಪಿಎ ಫೋನ್ ಮಾಡಿ "ಸಾಕು ಮಾರಾಯ್ರೆ, ಇಡೋಕೆ ಜಾಗ ಇಲ್ಲ" ಅಂದಿದ್ದು ನನಗೆ ಸಿಕ್ಕ ರಸೀದಿ.

ಒಂದು ತಪ್ಪು ಮಾತ್ರ ನೀವು ಮಾಡ್ಬೇಡಿ. ಉಳಿದ 200 ಕಾರ್ಡು ಅಟ್ಟದ ಮೇಲಿಟ್ಟಿದ್ದೆ, ಆಷಾಢದ ಮಳೆಗೆ ಪೂರ್ತಿ ಬೂಷ್ಟು. ಈ ಸಲದ್ದು ಅಕ್ಕಿ ಡಬ್ಬಿಯೊಳಗಿದೆ, ಮನೆಯವ್ರು ಬೈತಿದಾರೆ.