ಗುರುವಾರ ರಾತ್ರಿಯ ಪೆಟ್ಟಿಗೆ: ಸಬ್ಬತ್ ಊಟವನ್ನು ಮನೆಮನೆಗೆ ತಲುಪಿಸುವ ಬಗೆ

ಸಬ್ಬತ್ ಎಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಅದಕ್ಕೆ ಬೇಕಾದ ಊಟದ ಸಾಮಾನನ್ನು ಬಡ ಮನೆಗಳಿಗೆ ಮುಟ್ಟಿಸುವ ಈ ಕೆಲಸಕ್ಕೆ ಒಂದು ಕಾರು, ಗುರುವಾರ ರಾತ್ರಿಯ ಎರಡು ಗಂಟೆ ಸಾಕು. ಬಾಯಿ ಬಿಗಿಹಿಡಿಯುವುದನ್ನು ಮಾತ್ರ ಕಲಿಯಬೇಕು. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ನಾನು ತುಮಕೂರಿನವನು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಯಹೂದಿಗಳೇ ಹೆಚ್ಚಾಗಿರುವ ಕ್ಯೂ ಗಾರ್ಡನ್ಸ್ ಹಿಲ್ಸ್ ಬಡಾವಣೆಯಲ್ಲಿ ಇದ್ದೇನೆ. ಒಂಬತ್ತು ವರ್ಷದ ಕೆಳಗೆ ಎದುರುಮನೆಯವರು ಬಂದು, "ನಿಮ್ಮ ವ್ಯಾನು ದೊಡ್ಡದಿದೆ, ಇವತ್ತು ನಮ್ಮ ಡ್ರೈವರ್ ಒಬ್ಬರು ಬಂದಿಲ್ಲ, ಸ್ವಲ್ಪ ಬರುತ್ತೀರಾ" ಎಂದರು. ಅವತ್ತು ಹೋದವನು ಇವತ್ತಿಗೂ ಹೋಗುತ್ತಿದ್ದೇನೆ. ಯಹೂದಿಗಳಲ್ಲೂ ಇಷ್ಟು ಬಡವರಿದ್ದಾರೆಯೇ ಎಂದು ನನ್ನನ್ನು ಕೇಳದ ಕನ್ನಡಿಗರಿಲ್ಲ. ಇದ್ದಾರೆ. ಹಳೆಯ ಸೋವಿಯತ್ ನಾಡುಗಳಿಂದ ಬಂದು ಒಂಟಿಯಾಗಿ ಬದುಕುವ ವೃದ್ಧರು, ಕೆಲಸ ಕಳೆದುಕೊಂಡ ಅಪ್ಪಂದಿರು, ಏಳು ಮಕ್ಕಳನ್ನು ಒಂದೇ ಸಂಬಳದಲ್ಲಿ ಸಾಕುವ ಮೇಷ್ಟ್ರುಗಳು. ಕೋಷರ್ ಮಾಂಸ, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವ ಮಾಂಸ, ಮಾಮೂಲಿ ಮಾಂಸಕ್ಕಿಂತ ದುಬಾರಿ. ಅದರ ಮೇಲೆ ಧಾರ್ಮಿಕ ಶಾಲೆಯ ಫೀಸು. ಈ ಊರಿನ ಯಹೂದಿ ಬಡತನಕ್ಕೆಂದೇ ಮೆಟ್ ಕೌನ್ಸಿಲ್ ಎಂಬ ಸಂಸ್ಥೆ 1972ರಲ್ಲಿ ಹುಟ್ಟಿಕೊಂಡಿತು. ನಾನು ಹೋಗುವುದು ಅಷ್ಟು ದೊಡ್ಡ ಸಂಸ್ಥೆಗಲ್ಲ. ತೋಮ್ಖೇ ಶಾಬಸ್, ಅಂದರೆ ಸಬ್ಬತ್ತಿಗೆ ಆಸರೆಯಾಗುವವರು ಎಂಬ ಹೆಸರಿನ ಗುಂಪುಗಳು ಅಮೆರಿಕದ ಎಷ್ಟೋ ಊರುಗಳಲ್ಲಿವೆ. ಅಂಥದ್ದೇ ಒಂದು ಸಣ್ಣ ಗುಂಪು ನಮ್ಮದು.

ಸೇರಬೇಕೆಂದಿದ್ದರೆ ಹತ್ತಿರದ ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ ಕಚೇರಿಗೆ ಹೋಗಿ, ಗುರುವಾರದ ಪ್ಯಾಕಿಂಗ್ ಎಲ್ಲಿ ನಡೆಯುತ್ತದೆ ಎಂದು ಕೇಳಿ. ಡ್ರೈವರ್ ಎಲ್ಲ ಕಡೆಯೂ ಕಡಿಮೆಯೇ. ನೀವು ಯಹೂದಿಯಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ನಮ್ಮ ಗುಂಪಿನಲ್ಲಿ ಅದು ಯಾವತ್ತೂ ಅಡ್ಡಿಯಾಗಿಲ್ಲ. ಹಣ ಮಾತ್ರ ಕೊಡುವುದಾದರೆ ಸಂಸ್ಥೆ ನೋಂದಣಿಯಾಗಿದೆಯೇ ಎಂದು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಜಾಲತಾಣದಲ್ಲಿ ನೋಡಿ, ರಸೀದಿ ಇಟ್ಟುಕೊಳ್ಳಿ. ಸಮುದಾಯದ ಹುಂಡಿಗೆ ಹಣ ಎತ್ತಲು ಕನಿಷ್ಠ ಇಬ್ಬರು ಹೋಗಬೇಕು, ಹಂಚುವ ತೀರ್ಮಾನಕ್ಕೆ ಮೂವರು ಕೂರಬೇಕು ಎಂದು ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುದ್ ಕಾಲದಿಂದಲೂ ನಿಯಮವಿದೆ. ಒಬ್ಬರೇ ಎತ್ತಿ ಒಬ್ಬರೇ ಹಂಚುವ ಕಡೆ ನಾನಂತೂ ಕೊಡುವುದಿಲ್ಲ.

ಗುರುವಾರವೇ ಏಕೆ? ಸಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೆ ಶುರು. ವಾಡಿಕೆಯಂತೆ ಅದಕ್ಕೂ 18 ನಿಮಿಷ ಮೊದಲೇ ಮನೆಯ ಹೆಂಗಸು ದೀಪ ಹಚ್ಚುತ್ತಾಳೆ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ನಾಲ್ಕೂವರೆಗೆಲ್ಲ ಮುಳುಗಿರುತ್ತಾನೆ. ದೀಪ ಹಚ್ಚಿದ ಮೇಲೆ ಒಲೆ ಹೊತ್ತಿಸುವಂತಿಲ್ಲ, ಫೋನು ಎತ್ತುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ. ಕೋಳಿ ಕರಗಬೇಕು, ಸಾರು ಕುದಿಯಬೇಕು, ಶನಿವಾರ ಮಧ್ಯಾಹ್ನದ ಚೋಲೆಂಟ್ ಎಂಬ ಮಾಂಸ, ಕಾಳಿನ ಗಟ್ಟಿ ಸಾರು ರಾತ್ರಿಯಿಡೀ ಸಣ್ಣ ಬಿಸಿಯಲ್ಲಿ ಬೇಯಬೇಕು. ಶುಕ್ರವಾರ ಮಧ್ಯಾಹ್ನ ತಲುಪಿದ ಪೆಟ್ಟಿಗೆಯಿಂದ ಆ ಮನೆಯವರಿಗೆ ಪೇಚಾಟವೇ ಹೆಚ್ಚು. ಗುರುವಾರ ಆಗದಿದ್ದರೆ ಬುಧವಾರವೇ ಫೋನ್ ಮಾಡಿ ತಿಳಿಸಿ.

ಪೆಟ್ಟಿಗೆ ತುಂಬುವುದಕ್ಕೆ ಬರೋಣ. ನಾವು ಅಂಗಡಿಗಳಿಂದ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ ತರುತ್ತೇವೆ. ಗಟ್ಟಿ ಇರುತ್ತವೆ, ಹಿಡಿಯಲು ಎರಡೂ ಪಕ್ಕ ತೂತಿರುತ್ತದೆ. ಆದರೆ ತಳದಲ್ಲೂ ದೊಡ್ಡ ಕಿಂಡಿ ಇರುತ್ತದೆ, ಅಲ್ಲಿ ಒಂದು ಅಗಲ ರಟ್ಟು ಹಾಸದಿದ್ದರೆ ಈರುಳ್ಳಿ ಮೆಟ್ಟಿಲ ಮೇಲೆಲ್ಲ ಉರುಳುತ್ತದೆ. ಭಾರದ್ದು ಕೆಳಗೆ: ಆಲೂಗಡ್ಡೆ, ಗಜ್ಜರಿ, ದ್ರಾಕ್ಷಿ ರಸ. ಚೋಲೆಂಟಿಗೆ ಬೇಕಾದ ಹುರುಳಿಕಾಯಿ ಬೀಜ ಮತ್ತು ಬಾರ್ಲಿ ಪಕ್ಕದ ಸಂದಿಗೆ. ಹೆಪ್ಪುಗಟ್ಟಿದ ಕೋಳಿಗೆ ಬೇರೆ ಚೀಲ, ಅದು ಹೊರಡುವ ಹೊತ್ತಿಗೆ ಸೇರುತ್ತದೆ. ಮೊಟ್ಟೆಯ ಡಬ್ಬಿ ತೆರೆದು ಒಂದೊಂದನ್ನೂ ಬೆರಳಿನಿಂದ ಸ್ವಲ್ಪ ತಿರುಗಿಸಿ. ತಿರುಗದ ಮೊಟ್ಟೆ ಒಡೆದು ಅಂಟಿಕೊಂಡಿದೆ ಎಂದೇ ಅರ್ಥ. ಎಲ್ಲಕ್ಕಿಂತ ಮೇಲೆ ಹಲ್ಲಾ ರೊಟ್ಟಿ, ಜಡೆ ಹೆಣೆದ ಹಾಗೆ ಇರುವ ಬ್ರೆಡ್ಡು. ಸಬ್ಬತ್ ಊಟಕ್ಕೆ ಎರಡೆರಡು ಇಡಿ ರೊಟ್ಟಿ ಮುಂದಿಟ್ಟುಕೊಂಡು ಪ್ರಾರ್ಥಿಸುತ್ತಾರೆ. ಈಜಿಪ್ಟಿನಿಂದ ಹೊರಟ ಅವರ ಪೂರ್ವಜರಿಗೆ ಮರುಭೂಮಿಯಲ್ಲಿ ದೇವರು ಕೊಟ್ಟ ಮನ್ನಾ ಎಂಬ ಆಹಾರ ಶುಕ್ರವಾರ ಎರಡು ಪಾಲು ಸಿಗುತ್ತಿದ್ದುದರ ನೆನಪು ಅದು. ಹಾಗಾಗಿ ಒಂದು ಮುರಿದರೂ ಬದಲಾಯಿಸಬೇಕು.

ನಮ್ಮವರು ಎಡವುವುದು ಕೋಷರ್ ವಿಷಯದಲ್ಲಿ. ಪೊಟ್ಟಣದ ಮೇಲೆ ಸಣ್ಣ ಗುರುತೊಂದು ಇರುತ್ತದೆ, ವೃತ್ತದ ಒಳಗೆ 'ಯು' ಅಕ್ಷರ ಇರುವುದು ಹೆಚ್ಚು ಕಾಣುತ್ತದೆ. ಅದರ ಪಕ್ಕ 'ಡಿ' ಇದ್ದರೆ ಹಾಲಿನ ಪದಾರ್ಥ, ಮಾಂಸದ ಊಟದ ಜೊತೆ ಬರುವಂತಿಲ್ಲ. 'ಪಿ' ಇದ್ದರೆ ಹಾಲೂ ಅಲ್ಲದ ಮಾಂಸವೂ ಅಲ್ಲದ ಪಾರ್ವೆ ಎಂದುಕೊಳ್ಳುವವರಿದ್ದಾರೆ, ತಪ್ಪು. ಅದು ವಸಂತದಲ್ಲಿ ಬರುವ ಪಾಸೋವರ್ ಹಬ್ಬಕ್ಕೆ ಆಗುತ್ತದೆ ಎಂಬ ಗುರುತು. ಮಾಂಸದ ಪೊಟ್ಟಣದ ಸೀಲು ಹರಿಯಬೇಡಿ, ದ್ರಾಕ್ಷಿ ರಸದ ಮುಚ್ಚಳ ಅಪ್ಪಿತಪ್ಪಿಯೂ ತೆರೆಯಬೇಡಿ. ಯಹೂದಿಯಲ್ಲದವರು ತೆರೆದು ಸುರಿದರೆ ಎಷ್ಟೋ ಮನೆಗಳಲ್ಲಿ ಅದನ್ನು ಬಳಸುವುದಿಲ್ಲ. ಮನೆಯ ತಿಂಡಿಯನ್ನೂ ಸೇರಿಸಬೇಡಿ. ಮೊದಲ ವರ್ಷ ನನ್ನ ಹೆಂಡತಿ ಗೌರಿ ಹಬ್ಬಕ್ಕೆ ಮಾಡಿದ ಚಕ್ಕುಲಿಯನ್ನು ಪ್ರೀತಿಯಿಂದ ಇಪ್ಪತ್ತು ಪೊಟ್ಟಣ ಕಟ್ಟಿ ಕೊಟ್ಟಿದ್ದಳು. ಗುಂಪಿನ ಹಿರಿಯರು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಧನ್ಯವಾದ ಹೇಳಿ, ನಮ್ಮ ಮನೆಯ ಬಾಣಲೆ ಕೋಷರ್ ಅಲ್ಲವಾದ್ದರಿಂದ ಪೆಟ್ಟಿಗೆಗೆ ಹಾಕಲಾಗದು ಎಂದು ಮೆಲ್ಲಗೆ ತಿಳಿಸಿದರು. ಈಗ ಅವಳು ಇಡೀ ಸೇಬು, ಕಿತ್ತಳೆ ಕಳಿಸುತ್ತಾಳೆ. ಹೆಚ್ಚದ ಹಣ್ಣಿಗೆ ಯಾವ ತಕರಾರೂ ಇಲ್ಲ.

ಇನ್ನು ಬಾಗಿಲು. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಡ್ರೈವರ್ ಕೈಗೆ ಬರುವ ಚೀಟಿಯಲ್ಲಿ ಹೆಸರಿರುವುದಿಲ್ಲ. ವಿಳಾಸ, ಪೆಟ್ಟಿಗೆ ಎಷ್ಟು, ಎಲ್ಲಿ ಇಡಬೇಕು, ಇಷ್ಟೇ. ಅದರ ಫೋಟೋ ತೆಗೆಯಬೇಡಿ, ಕೆಲಸ ಮುಗಿದ ಮೇಲೆ ಹರಿದು ಹಾಕಿ. ಕಾರನ್ನು ಮನೆಯ ಎದುರಿಗೇ ನಿಲ್ಲಿಸದೆ ಎರಡು ಮನೆ ಆಚೆ ನಿಲ್ಲಿಸಿ. ಪೆಟ್ಟಿಗೆಯ ಮೇಲೆ ಸಂಸ್ಥೆಯ ಹೆಸರು ಇರಲೇಬಾರದು. ನೋಡಿದವರಿಗೆ ಅಂಗಡಿಯಿಂದ ಬಂದ ಸಾಮಾನಿನ ಹಾಗೆ ಕಾಣಬೇಕು. ಬಾಗಿಲ ಬಳಿ ಇಟ್ಟು, ಎರಡು ಸಲ ಬಡಿದು, ತೆರೆಯುವ ಮೊದಲೇ ಮೆಟ್ಟಿಲಿಳಿದಿರಿ.

ನಾನು ಮೊದಮೊದಲು ಹಾಗೆ ಮಾಡುತ್ತಿರಲಿಲ್ಲ. ಮನೆಗೆ ಬಂದವರನ್ನು ಮಾತಾಡಿಸದೆ ಕಳಿಸುವುದು, ಮಾತಾಡದೆ ಹೊರಡುವುದು ಎರಡೂ ನಮ್ಮ ಕಡೆ ಮರ್ಯಾದೆಯಲ್ಲ ಎಂದು ಬೆಳೆದವನು. ಒಂದು ಚಳಿಗಾಲದ ರಾತ್ರಿ ಬೆಲ್ ಒತ್ತಿ ಪೆಟ್ಟಿಗೆ ಹಿಡಿದು ನಿಂತೆ. ಬಾಗಿಲು ತೆರೆದದ್ದು ನನ್ನ ಮಗಳ ಜೊತೆ ಈಜು ಕಲಿಯಲು ಬರುತ್ತಿದ್ದ ಹುಡುಗಿ. ಸುಮಾರು ಹನ್ನೊಂದು ವರ್ಷ. ನನ್ನನ್ನು ನೋಡಿದಳು, ಪೆಟ್ಟಿಗೆ ನೋಡಿದಳು, ಕಾಲಲ್ಲಿದ್ದ ಕಾಲುಚೀಲದ ತೂತನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡಳು. ಒಂದು ಮಾತೂ ಆಡಲಿಲ್ಲ. ಮುಂದಿನ ವಾರದಿಂದ ಈಜಿಗೆ ಬರಲಿಲ್ಲ. ನಾನು ಮಗಳಿಗೆ ಏನೂ ಹೇಳಿರಲಿಲ್ಲ, ಇಂದಿಗೂ ಹೇಳಿಲ್ಲ. ಆದರೆ ಆ ಮಗುವಿಗೆ ಅದು ಹೇಗೆ ಗೊತ್ತಾಗಬೇಕು?

ಗುಂಪಿನ ಹಿರಿಯರ ಹತ್ತಿರ ಇದನ್ನು ಹೇಳಿಕೊಂಡಾಗ ಅವರು ತಾಲ್ಮುದ್‌ನಲ್ಲಿ ಬರುವ ಮಾರ್ ಉಕ್ವಾ ಎಂಬ ಪಂಡಿತನ ಕಥೆ ಹೇಳಿದರು. ಆತ ದಿನವೂ ಬಡ ನೆರೆಯವನ ಬಾಗಿಲ ಸಂದಿಯಲ್ಲಿ ಜೂಜ್ ಎಂಬ ಹಳೆಯ ಕಾಲದ ನಾಣ್ಯ ನಾಲ್ಕನ್ನು ಹಾಕಿ ಬರುತ್ತಿದ್ದ. ಯಾರು ಹಾಕುತ್ತಾರೆಂದು ನೋಡಲು ಆ ನೆರೆಯವನು ಒಂದು ದಿನ ಹೊರಗೆ ಬಂದ. ಮಾರ್ ಉಕ್ವಾ ಮತ್ತು ಅವನ ಹೆಂಡತಿ ಓಡಿಹೋಗಿ, ಕೆಂಡ ಗೋರಿದ್ದರೂ ಇನ್ನೂ ಬಿಸಿಯಿದ್ದ ಒಲೆಯೊಳಗೆ ಅಡಗಿ ಕೂತರು. ಅವನ ಕಾಲು ಸುಟ್ಟಿತು. ಇನ್ನೊಬ್ಬರ ಮುಖ ಬಾಡಿಸುವುದಕ್ಕಿಂತ ಅದು ಮೇಲು ಎಂಬುದು ಅವರ ಲೆಕ್ಕ. ನಾನು ಈಗ ಮೆಟ್ಟಿಲನ್ನು ಓಡುತ್ತಲೇ ಇಳಿಯುತ್ತೇನೆ.

ಆದರೂ ಕೆಲವು ವೃದ್ಧರಿಗೆ ಪೆಟ್ಟಿಗೆ ಎತ್ತಲಾಗುವುದಿಲ್ಲ, ಅಂಥ ಮನೆಯ ಮುಂದೆ ಚೀಟಿಯಲ್ಲಿ 'ಒಳಗೆ' ಎಂದು ಬರೆದಿರುತ್ತದೆ. ಅಲ್ಲಿ ಅಡುಗೆಮನೆಯವರೆಗೆ ಹೋಗಿ, ಅವರು ತೋರಿಸಿದ ಕಡೆ ಮಾತ್ರ ಇಡಿ. ಹಾಲಿನ ಪಾತ್ರೆಯ ಕಟ್ಟೆ ಬೇರೆ, ಮಾಂಸದ್ದು ಬೇರೆ ಇರುತ್ತದೆ. ಹೆಂಗಸರಿಗೆ ಗಂಡಸರು, ಗಂಡಸರಿಗೆ ಹೆಂಗಸರು ಕೈಕುಲುಕಲು ಹೋಗಬೇಡಿ. ನಮ್ಮ ನಮಸ್ಕಾರ ಎಲ್ಲರಿಗೂ ಒಪ್ಪುತ್ತದೆ. ಮನೆಯಲ್ಲಿ ಹೊಸ ಟಿವಿ ಕಂಡರೂ, ಬಾಗಿಲಲ್ಲಿ ಒಳ್ಳೆಯ ಕಾರು ಕಂಡರೂ ಬಂದು ವರದಿ ಮಾಡಬೇಡಿ. ಹಸಿವು ಎಂದು ಬಂದವರನ್ನು ವಿಚಾರಣೆ ಮಾಡಬಾರದು, ಬಟ್ಟೆ ಬೇಕೆಂದವರನ್ನು ವಿಚಾರಿಸಬಹುದು ಎಂಬುದು ಇವರ ಧರ್ಮಶಾಸ್ತ್ರ. ತ್ಸೆದಾಕಾ ಎಂಬ ಹೀಬ್ರೂ ಪದವನ್ನು ನಾವು ದಾನ ಎಂದು ತಿರುಗಿಸುತ್ತೇವೆ, ಅದರ ಬೇರು ಮಾತ್ರ ನ್ಯಾಯ ಎಂಬ ಅರ್ಥದ್ದು.

ಪಾಸೋವರ್ ಹತ್ತಿರ ಬಂದಾಗ ರಜೆ ಹಾಕಿಯಾದರೂ ಬನ್ನಿ. ಎಂಟು ದಿನ ಮನೆಯಲ್ಲಿ ಹುದುಗು ಬಂದ ಹಿಟ್ಟಿನ ಚೂರೂ ಇರಬಾರದು. ಮಾಮೂಲಿ ದಿನಸಿಯೆಲ್ಲ ಪಕ್ಕಕ್ಕೆ ಹೋಗಿ ಮಾತ್ಸಾ ಎಂಬ ಹುದುಗಿಲ್ಲದ ರೊಟ್ಟಿ, ಸೇಡರ್ ಎಂಬ ಹಬ್ಬದ ವಿಧಿಯೂಟದ ರಾತ್ರಿಗೆ ತಲೆಗೆ ನಾಲ್ಕು ಬಟ್ಟಲಿನಷ್ಟು ದ್ರಾಕ್ಷಾರಸ, ಎಲ್ಲವೂ ಹೊಸದಾಗಿ ಬೇಕು. ಇದಕ್ಕೆ ಎತ್ತುವ ಹಣಕ್ಕೆ ಗೋಧಿಯ ಹಣ ಎಂಬ ಹಳೆಯ ಹೆಸರೇ ಇದೆ, ಮಾಓತ್ ಖಿತ್ತೀಮ್. ಒಂದು ಎಚ್ಚರ: ಮಧ್ಯ, ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಮನೆಗಳಲ್ಲಿ ಆ ಎಂಟು ದಿನ ಅಕ್ಕಿ, ಬೇಳೆಕಾಳು ತಿನ್ನದಿರುವುದು ಸಂಪ್ರದಾಯ. ಸ್ಪೇನ್ ಮೂಲದ ಸೆಫಾರ್ದಿ ಮನೆಗಳಲ್ಲಿ ಅನೇಕರು ತಿನ್ನುತ್ತಾರೆ. ಅಕ್ಕಿ ಮೂಟೆ ಕೊಡುವ ಮೊದಲು ಕೇಳಿ.

ಪೆಟ್ಟಿಗೆಯಿಂದ ವಾರ ಕಳೆಯುತ್ತದೆ, ಬಾಡಿಗೆ ಕಟ್ಟಲಾಗುವುದಿಲ್ಲ. ಯಾರಾದರೂ ಅವರಾಗಿಯೇ ನಿಮ್ಮ ಹತ್ತಿರ ಕಷ್ಟ ಹೇಳಿಕೊಂಡರೆ ಜೇಬಿಗೆ ಕೈ ಹಾಕಬೇಡಿ, ಬಡ್ಡಿಯಿಲ್ಲದ ಸಾಲದ ದಾರಿ ತೋರಿಸಿ. ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ 1892ರಿಂದ ಇದೇ ಕೆಲಸ ಮಾಡುತ್ತಿದೆ. ಜಾಮೀನುದಾರರು ಬೇಕು, ಬಡ್ಡಿ ಒಂದು ಸೆಂಟೂ ಇಲ್ಲ, ಯಹೂದಿಗಳೇ ಆಗಬೇಕೆಂದೂ ಇಲ್ಲ. ಗೆಮಾಖ್ ಎಂಬ ಚಿಕ್ಕ ಸಾಲದ ಗುಂಪುಗಳು ಮನೆಮನೆಯಲ್ಲೂ ನಡೆಯುತ್ತವೆ, ಮದುವೆಯ ಉಡುಪು, ತೊಟ್ಟಿಲು, ಮಡಿಚುವ ಕುರ್ಚಿಯನ್ನೂ ಎರವಲು ಕೊಡುತ್ತವೆ. ಹನ್ನೆರಡನೇ ಶತಮಾನದ ವೈದ್ಯ, ಪಂಡಿತ ಮೈಮೊನಿಡಿಸ್ ದಾನದಲ್ಲಿ ಎಂಟು ಮೆಟ್ಟಿಲು ಹೇಳುತ್ತಾನೆ. ಮುಖ ಗಂಟಿಕ್ಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗೆ. ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲುದಾರನಾಗಿಯೋ, ಕೆಲಸ ಕೊಡಿಸಿಯೋ ಮತ್ತೊಮ್ಮೆ ಕೈಯೊಡ್ಡದಂತೆ ಮಾಡುವುದು ಎಲ್ಲಕ್ಕಿಂತ ಮೇಲೆ. ನಮ್ಮ ಗುಂಪಿನಲ್ಲಿ ಲೆಕ್ಕ ಬರೆಯುವ ನಾನು ಇಬ್ಬರ ರೆಸ್ಯುಮೆ ತಿದ್ದಿಕೊಟ್ಟಿದ್ದೇನೆ. ಒಬ್ಬರಿಗೆ ಕೆಲಸ ಸಿಕ್ಕಿ ಚೀಟಿಯಿಂದ ಅವರ ವಿಳಾಸ ಹೋಯಿತು. ಆ ಗುರುವಾರ ನನಗೆ ಆದ ಸಂತೋಷ ಹೇಳತೀರದು.

ಕೊನೆಯದೊಂದು ಸಣ್ಣ ಮಾತು. 'ಒಳಗೆ' ಎಂದು ಬರೆದಿರುವ ಒಂದು ಮನೆಯಲ್ಲಿ ತೊಂಬತ್ತರ ಹತ್ತಿರದ ಅಜ್ಜಿ ಇದ್ದಾರೆ. ಪೆಟ್ಟಿಗೆ ಇಟ್ಟು ತಿರುಗುವಷ್ಟರಲ್ಲಿ ಒಂದು ಡಾಲರ್ ನೋಟನ್ನು ನಾಲ್ಕು ಮಡಿಕೆ ಮಾಡಿ ನನ್ನ ಅಂಗೈಗೆ ಒತ್ತುತ್ತಾರೆ. ಮೊದಲ ಸಲ ನಾನು ಬೇಡ ಎಂದೆ, ಅವರಿಗೆ ನೋವಾಯಿತು. ದಾನ ಪಡೆದು ಬದುಕುವವರೂ ದಾನ ಕೊಡಬೇಕು ಎಂಬುದು ಅವರ ಧರ್ಮದ ಕಟ್ಟಳೆ ಎಂದು ಆಮೇಲೆ ತಿಳಿಯಿತು. ನಿಮಗೂ ಯಾರಾದರೂ ಹಾಗೆ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಪೆಟ್ಟಿಗೆ ತುಂಬುವ ಗೋದಾಮಿನ ಬಾಗಿಲ ಪಕ್ಕ ತಗಡಿನ ಹುಂಡಿ ಇರುತ್ತದೆ. ಮೊದಲು ಅದಕ್ಕೆ ಹಾಕಿ, ಆಮೇಲೆ ಚೀಟಿ ಹರಿಯಿರಿ.